ಒಡಂಬಡಿಕೆಯ ಕಾವಲು

ಒಡಂಬಡಿಕೆಗೆ ರುಜು ಬಿದ್ದ ದಿನವನ್ನು ನಾವೆಲ್ಲರೂ ನೆನಪಿನಲ್ಲಿಡುತ್ತೇವೆ. ಮಾರನೆಯ ದಿನದಿಂದ ಅದನ್ನು ನಡೆಸಿಕೊಂಡು ಹೋಗುವವರಾರೆಂದು ಕೇಳುವವರು ವಿರಳ. 1960ರಲ್ಲಿ ಭಾರತ ಪಾಕಿಸ್ತಾನಗಳು ಸಿಂಧೂ ನದಿಗಳ ನೀರನ್ನು ಹಂಚಿಕೊಂಡಾಗ ಆ ಹೊಣೆಯನ್ನು ಒಂದು ಸ್ಥಾಯೀ ಆಯೋಗಕ್ಕೆ ಒಪ್ಪಿಸಿದವು. ಅದರಲ್ಲಿ ದೇಶಕ್ಕೊಬ್ಬರಂತೆ ಇಬ್ಬರೇ ಕಮಿಷನರುಗಳು, ಸಾಮಾನ್ಯವಾಗಿ ಇಂಜಿನಿಯರುಗಳು. ವರ್ಷಕ್ಕೊಮ್ಮೆಯಾದರೂ ಉಭಯ ದೇಶಗಳಲ್ಲಿ ಸರದಿಯಂತೆ ಸಭೆ ಸೇರತಕ್ಕದ್ದೆಂದೂ, ಐದು ವರ್ಷಕ್ಕೊಮ್ಮೆ ನದಿಗಳನ್ನು ಸುತ್ತಿ ನೋಡತಕ್ಕದ್ದೆಂದೂ ಕರಾರಾಯಿತು.

ಇಬ್ಬರೇ ಇರುವ ಸಭೆಯಲ್ಲಿ ಬಹುಮತವೆಂಬುದಿಲ್ಲವಷ್ಟೆ! ಇಬ್ಬರೂ ಒಪ್ಪಿದರೆ ತೀರ್ಮಾನ. ಒಪ್ಪದಿದ್ದರೆ ವ್ಯಾಜ್ಯವು ತಟಸ್ಥ ತಜ್ಞನ ಬಳಿಗೋ ಪಂಚಾಯತಿ ನ್ಯಾಯಾಲಯಕ್ಕೋ ಹೋಗಬೇಕು. ಆದುದರಿಂದ ಇವರು ನ್ಯಾಯಾಧೀಶರಲ್ಲ. ಹೊಳೆಯಲ್ಲಿ ಎಷ್ಟು ನೀರು ಹರಿಯಿತೆಂಬ ಲೆಕ್ಕವು ಇಬ್ಬರ ಕೈಯಲ್ಲಿಯೂ ಒಂದೇ ಆಗಿರುವಂತೆ ನೋಡಿಕೊಳ್ಳುವುದೇ ಇವರ ಮುಖ್ಯ ಕೆಲಸವೆಂದು ನಮ್ಮ ಭಾವನೆ. ಅಂಕಿಗಳಲ್ಲಿ ಒಮ್ಮತವಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. 1965, 1971ರ ಯುದ್ಧಗಳನ್ನೂ ಈ ಏರ್ಪಾಡು ದಾಟಿತು.

2022ರ ಮೇ ತಿಂಗಳಲ್ಲಿ ದೆಹಲಿಯಲ್ಲಿ 118ನೆಯ ಸಭೆ ಸೇರಿತು. 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ಹತ್ಯಾಕಾಂಡದ ತರುವಾಯ, ಭಾರತವು ಒಪ್ಪಂದವನ್ನು ಅಮಾನತಿನಲ್ಲಿರಿಸಿತು. ಅದೇ ಆಗಸ್ಟ್‌ನಲ್ಲಿ ತಾವೀ ನದಿಯಲ್ಲಿ ಪ್ರವಾಹದ ಭೀತಿ ತಲೆದೋರಿದಾಗ ಭಾರತ ಪಾಕಿಸ್ತಾನಕ್ಕೆ ಎಚ್ಚರಿಕೆಯನ್ನೇನೋ ಕಳುಹಿಸಿತು; ಆದರೆ ಅದು ಹೋದದ್ದು ಆಯೋಗದ ಮೂಲಕವಲ್ಲ, ರಾಯಭಾರ ಕಚೇರಿಯ ಮೂಲಕ.