‘ಶೀ ಗೋ’ ತಪ್ಪಾದದ್ದು ಯಾವಾಗ?

ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಮಕ್ಕಳಿಗೆ ಮನೆಯಲ್ಲಿ ಉರ್ದು, ಅಂಗಡಿಬೀದಿಯಲ್ಲಿ ಕನ್ನಡ, ಸುತ್ತಲಿನ ಹಳ್ಳಿಯವರು ಸಿಕ್ಕರೆ ತೆಲುಗು. ಕಿವುಡರು ಹೆಚ್ಚಾಗಿರುವ ಊರಾದ್ದರಿಂದ ಊರಿನದೇ ಆದ ಸನ್ನೆಭಾಷೆಯೊಂದು ಇಲ್ಲಿ ಹುಟ್ಟಿ ಬೆಳೆದಿದೆ. ಸಿಬಾಜಿ ಪಂಡಾ ಅವರು ಅದರ ಬಗ್ಗೆ ಬರೆದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಕಿವಿ ಕೇಳುವ ಎಷ್ಟೋ ಜನರೂ ಆ ಭಾಷೆ ಆಡುತ್ತಾರೆ. ಇಂಥ ಊರಿನ ಮಗು ಇಂಗ್ಲಿಷ್ ನೋಟ್‌ಬುಕ್ಕಿನಲ್ಲಿ ‘ಶೀ ಗೋ ಟು ಸ್ಕೂಲ್’ ಎಂದು ಬರೆದರೆ ಕೆಂಪು ಶಾಯಿಯ ಗೆರೆ ಬೀಳುತ್ತದೆ. ‘ಗೋ’ ಅಲ್ಲ, ‘ಗೋಸ್’. ಯಾಕೆ ಎಂದು ಕೇಳಿದರೆ, ರೂಲ್ಸು. ಆ ಉತ್ತರ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆ ‘ಸ್’ ಹಿಂದೆ ಎಂಥ ಕಥೆಯಿದೆ!

ಕನ್ನಡದಲ್ಲಿ ‘ಬಂದಳು’ ಎಂದರೆ ಸಾಕು, ಕರ್ತೃ ಅದರೊಳಗೇ ಇದ್ದಾಳೆ. ಉರ್ದುವಿನ ‘ಆಯೀ’ ಕೂಡ ಬಂದದ್ದು ಹೆಣ್ಣೆಂದು ಹೇಳುತ್ತದೆ. ಸಾವಿರ ವರ್ಷದ ಹಿಂದೆ ಇಂಗ್ಲಿಷ್ ಕ್ರಿಯಾಪದಕ್ಕೂ ಆಖ್ಯಾತ ಪ್ರತ್ಯಯಗಳ ಸಂಪತ್ತಿತ್ತು: ನಾನು, ನೀನು, ಅವನು, ನಾವು ಎಂದಂತೆ ಅದರ ಬಾಲ ಬದಲಾಗುತ್ತಿತ್ತು. ‘ಅವನು’ ಎಂಬುದಕ್ಕೆ ದಕ್ಷಿಣ ಇಂಗ್ಲೆಂಡಿನಲ್ಲಿ ಬರುತ್ತಿದ್ದುದು ‘ತ್’ ಎಂಬ ಬಾಲ. ಹತ್ತನೆಯ ಶತಮಾನದಲ್ಲಿ ಉತ್ತರ ಇಂಗ್ಲೆಂಡಿನ ಆಲ್ಡ್ರೆಡ್ ಎಂಬ ಪಾದ್ರಿ ಲಿಂಡಿಸ್‌ಫಾರ್ನ್ ಸುವಾರ್ತೆಗಳು ಎಂಬ ಹಸ್ತಪ್ರತಿಯ ಲ್ಯಾಟಿನ್ ಸಾಲುಗಳ ನಡುವೆ ಪುಟ್ಟ ಅಕ್ಷರಗಳಲ್ಲಿ ತನ್ನ ನುಡಿಯ ಅರ್ಥ ಬರೆದ. ಅದರಲ್ಲಿ ಈ ಬಾಲ ಒಮ್ಮೆ ‘ತ್’, ಒಮ್ಮೆ ‘ಸ್’. ಈ ‘ಸ್’ ನಿಧಾನವಾಗಿ ದಕ್ಷಿಣಕ್ಕಿಳಿಯಿತು. ಶೇಕ್ಸ್‌ಪಿಯರ್ ಎರಡನ್ನೂ ಬಳಸಿದ. 1611ರ ಇಂಗ್ಲಿಷ್ ಬೈಬಲ್ ಹಳೆಯದನ್ನೇ ಹಿಡಿದುಕೊಂಡಿತು. ಅಷ್ಟರಲ್ಲಿ ಉಳಿದ ಬಾಲಗಳು ಬಹುಪಾಲು ಸವೆದುಹೋಗಿದ್ದವು. ಕ್ರಿಯಾಪದ ಬರಿದಾದ ಮೇಲೆ ಕರ್ತೃಪದವನ್ನು ಬಿಡುವಂತಿಲ್ಲ.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನಾರ್ವಿಚ್ ಎಂಬ ಊರು. ಪೂರ್ವ ಇಂಗ್ಲೆಂಡಿನ ಈ ನೇಕಾರರ ಪಟ್ಟಣದಲ್ಲಿ ಬಟ್ಟೆ ವ್ಯಾಪಾರ ಕುಸಿದಾಗ, 1565ರಲ್ಲಿ, ಸಮುದ್ರದಾಚೆಯಿಂದ ಮೂವತ್ತು ನೇಕಾರ ಕುಟುಂಬಗಳನ್ನು ಕರೆಸಿಕೊಂಡರು. ಅವರ ಹಿಂದೆಯೇ ಸ್ಪೇನಿನ ದಬ್ಬಾಳಿಕೆಗೆ ಬೆದರಿದ ಡಚ್, ಫ್ರೆಂಚ್ ನುಡಿಯ ಜನ ಸಾವಿರಗಟ್ಟಲೆ ಬಂದರು.  ಕೆಲವೇ ವರ್ಷಗಳಲ್ಲಿ ಊರಿನ ಮೂರರಲ್ಲೊಂದು ಪಾಲು ಅವರೇ ಆದರು.

ಆ ಊರಿನಲ್ಲೇ ಹುಟ್ಟಿದ ಭಾಷಾವಿಜ್ಞಾನಿ ಪೀಟರ್ ಟ್ರಡ್ಗಿಲ್ ತಮ್ಮ ಜನರ ಮಾತನ್ನು ಅಳೆದು ತೂಗಿ 1974ರಲ್ಲಿ ಪುಸ್ತಕ ತಂದರು. ನಾರ್ವಿಚ್‌ನ ಕೂಲಿಕಾರರು ಇಂದಿಗೂ ‘ಶೀ ಗೋ’ ಎನ್ನುತ್ತಾರೆ! ಅವರ ತಾಯ್ನುಡಿ ಇಂಗ್ಲಿಷೇ. ಟ್ರಡ್ಗಿಲ್ ಮುಂದೆ ಇದಕ್ಕೊಂದು ಕಾರಣ ಕೊಟ್ಟರು: ‘ತ್’ ಮತ್ತು ‘ಸ್’ ಪೈಪೋಟಿಗಿಳಿದಿದ್ದ ಹೊತ್ತಿಗೇ ವಲಸಿಗರು ಬಂದು ಇಂಗ್ಲಿಷ್ ಕಲಿಯತೊಡಗಿದರು, ಎರಡನ್ನೂ ಬಿಟ್ಟು ಮಾತಾಡಿದರು, ಊರಿಗೆ ಆ ಬೋಳು ರೂಪವೇ ಒಗ್ಗಿತು. ಅಂದರೆ ಅಲೀಪುರದ ಮಗು ಮಾಡುವ ‘ತಪ್ಪ’ನ್ನು ಹಲವು ನುಡಿ ಬೆರೆತ ಇನ್ನೊಂದು ಊರು ನಾನೂರು ವರ್ಷದಿಂದ ಸರಿಯೆಂದೇ ಆಡಿಕೊಂಡು ಬಂದಿದೆ. ಪರೀಕ್ಷೆಯಲ್ಲಿ ‘ಗೋಸ್’ ಬರೆಯಲೇಬೇಕು, ನಿಜ. ಲಂಡನ್ನಿನ ವಾಡಿಕೆ ಗೆದ್ದಿತು ಎಂಬುದೊಂದೇ ಅದಕ್ಕೆ ಕಾರಣ.

ಇಂಗ್ಲಿಷ್ ಬಡವಾಯಿತೆಂದು ನಾವು ಬೀಗುವಂತೆಯೂ ಇಲ್ಲ. ‘ಬರಲಿಲ್ಲ’ ಎನ್ನಿ. ಯಾರು? ನಾನೋ, ಅವಳೋ, ಬಸ್ಸೋ? ನಿಷೇಧದಲ್ಲಿ ನಮ್ಮ ಕ್ರಿಯಾಪದವೂ ಬರಿದಾಗಿದೆ, ಕರ್ತೃವನ್ನು ಬೇರೆಯಾಗಿ ಹೇಳಲೇಬೇಕು. ಹಿಂದೆ ಹಾಗಿರಲಿಲ್ಲ. ಬಾರೆಂ, ಬಾರಂ, ಬಾರಳ್ ಎಂದು ಹಳಗನ್ನಡದಲ್ಲಿ ಇಲ್ಲವೆನ್ನುವಾಗಲೂ ಬಾರದವರು ಯಾರೆಂದು ಗೊತ್ತಾಗುತ್ತಿತ್ತು. ಆ ಚೆಲುವಾದ ರೂಪಗಳನ್ನು ನಾವು ಕಳೆದುಕೊಂಡೆವಲ್ಲ ಎಂದು ಮನಸ್ಸು ಚುರುಗುಟ್ಟುತ್ತದೆ. ‘ಅರಿಯೆ’, ‘ಹೇಳಲಾರೆ’ ಎಂಬಂಥ ಕೆಲವು ಬರವಣಿಗೆಯಲ್ಲಿ ಉಳಿದಿವೆ. ಧಾರವಾಡದ ಕಡೆ ಮಗು ಊಟ ಬೇಡವಾದರೆ ಈಗಲೂ ‘ಒಲ್ಲೆ’ ಅನ್ನುತ್ತದೆ, ‘ನಾನು’ ಸೇರಿಸುವ ಅಗತ್ಯ ಅದಕ್ಕಿಲ್ಲ.