‘ಮಾದರಿ ಸಂಸ್ಥಾನ’ದಲ್ಲೂ ದೂರುಗಳಿದ್ದವು

ಮೈಸೂರಿನ ಹಿರಿಯರು ‘ಮಹಾರಾಜರ ಕಾಲದಲ್ಲಿ’ ಎಂದು ಮಾತು ಆರಂಭಿಸಿದರೆ, ಮುಂದೆ ಬರುವುದು ಸಾಮಾನ್ಯವಾಗಿ ಪ್ರಶಂಸೆಯೇ. ಅಗಲವಾದ ರಸ್ತೆಗಳು, ಕನ್ನಂಬಾಡಿ ಕಟ್ಟೆ, 1916ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯ, ಗಾಂಧೀಜಿಯವರಿಂದ ‘ರಾಜರ್ಷಿ’ ಎನಿಸಿಕೊಂಡ ನಾಲ್ವಡಿ ಕೃಷ್ಣರಾಜ ಒಡೆಯರು- ಇವೆಲ್ಲ ಸೇರಿ ಆ ಕಾಲಕ್ಕೆ ‘ರಾಮರಾಜ್ಯ’ದ ಹೊಳಪು ತಂದಿವೆ. ಪರಿಪೂರ್ಣ ಸಮಾಜ ಎಂದಾದರೂ ಸಾಧ್ಯವೇ ಎಂಬ ಹಳೆಯ ಪ್ರಶ್ನೆಯನ್ನು ಪರೀಕ್ಷಿಸಲು ಈ ನಗರದ ಚರಿತ್ರೆ ಯೋಗ್ಯವಾದ ನಿದರ್ಶನ. ಆದರ್ಶದ ಸಮೀಪಕ್ಕೆ ಬಂದಿತ್ತೆಂದು ಜನರೇ ನಂಬಿರುವ ಸಮಾಜವೊಂದು ಇಲ್ಲಿತ್ತು.

ಆದರೆ ಆ ಹಿರಿಮೆಯ ಬೇರುಗಳನ್ನು ಕೆದಕಿದರೆ ಕಾಣುವುದು ಸಂಕಟಗಳು. 1876-78ರ ಭೀಕರ ಕ್ಷಾಮದಲ್ಲಿ ಸಂಸ್ಥಾನ ಲಕ್ಷಾಂತರ ಜನರನ್ನು ಕಳೆದುಕೊಂಡಿತು. ಆ ನೆನಪು ಮಾಸುವ ಮುನ್ನವೇ, 1881ರಲ್ಲಿ, ದಿವಾನ್ ರಂಗಾಚಾರ್ಲು ಅವರ ಆಡಳಿತದಲ್ಲಿ ಪ್ರಜಾಪ್ರತಿನಿಧಿ ಸಭೆ ಅಸ್ತಿತ್ವಕ್ಕೆ ಬಂತು. ಅದರ ಮೊದಲ ಸದಸ್ಯರು ಭೂಮಾಲೀಕರು ಮತ್ತು ವರ್ತಕರು. ಶಾಸನ ರಚಿಸುವ ಅಧಿಕಾರ ಅದಕ್ಕಿರಲಿಲ್ಲ. ಆದರೂ ಪ್ರಜೆಗಳ ಕುಂದುಕೊರತೆಗಳನ್ನು ಪ್ರಭುತ್ವದ ಎದುರು ನಿಂತು ಹೇಳಲು ಒಂದು ವೇದಿಕೆ ದೊರಕಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದೆರಗಿದ ಪ್ಲೇಗ್, ಇಕ್ಕಟ್ಟಾದ ಕೇರಿಗಳ ದುಃಸ್ಥಿತಿಯನ್ನು ಬಯಲಿಗೆಳೆಯಿತು. 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿಕೊಂಡಿತು. ನಾವು ಇಂದು ಬೀಗುವ ಯೋಜಿತ ನಗರ, ಅಂದು ಒಪ್ಪಿಕೊಂಡ ಒಂದು ದೋಷದ ಫಲ.

ಕ್ಷಾಮ, ಪ್ಲೇಗ್ ಎಲ್ಲರೂ ಕೆಡುಕೆಂದು ಒಪ್ಪುವ ವಿಚಾರಗಳು. ಕಠಿಣ ಪ್ರಶ್ನೆ ಎದುರಾಗುವುದು ಎರಡು ಒಳಿತುಗಳೇ ಪರಸ್ಪರ ಡಿಕ್ಕಿ ಹೊಡೆದಾಗ. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆಂಬ ಅಳಲನ್ನು 1917ರಲ್ಲಿ ಸ್ಥಾಪಿತವಾದ ಪ್ರಜಾಮಿತ್ರ ಮಂಡಳಿ ಮಹಾರಾಜರ ಮುಂದಿಟ್ಟಿತು. ಮರುವರ್ಷ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಏಳು ವರ್ಷಗಳ ಒಳಗೆ ಉನ್ನತ ಹುದ್ದೆಗಳಲ್ಲಿ ಕನಿಷ್ಠ ಅರ್ಧದಷ್ಟು, ಕೆಳಹಂತದವುಗಳಲ್ಲಿ ಮೂರನೇ ಎರಡರಷ್ಟು ಬ್ರಾಹ್ಮಣೇತರರಿಗೆ ದೊರೆಯಬೇಕೆಂದು ಅದು ಶಿಫಾರಸು ಮಾಡಿತು. ಆಡಳಿತದಲ್ಲಿ ದಕ್ಷತೆ ಕುಗ್ಗಬಾರದೆಂಬುದು ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರ ನಿಲುವು; ಈ ಭಿನ್ನಾಭಿಪ್ರಾಯದ ಹಿನ್ನೆಲೆಯಲ್ಲೇ 1918ರ ಕೊನೆಗೆ ಅವರು ದಿವಾನಗಿರಿ ತೊರೆದರು. ದಕ್ಷತೆಯೂ ಬೇಕು, ಸಾಮಾಜಿಕ ನ್ಯಾಯವೂ ಬೇಕು. ಯಾವುದಕ್ಕೆ ಎಷ್ಟು ತೂಕ ಎಂಬ ವಾದ ಒಂದು ಶತಮಾನ ಕಳೆದರೂ ಮುಗಿದಿಲ್ಲ. ಎಲ್ಲ ಒಳಿತುಗಳೂ ಏಕಕಾಲಕ್ಕೆ ಪೂರ್ಣವಾಗಿ ಕೈಗೂಡುವ ಸಮಾಜವನ್ನು ಸಜ್ಜನರು, ಮೇಧಾವಿಗಳೂ ಕಟ್ಟಲಾರರೆಂಬುದಕ್ಕೆ ಇದೇ ಸಾಕ್ಷಿ.

ದೂರಿಗೆ ಕಿವಿಗೊಡದಿದ್ದಾಗ ‘ಮಾದರಿ’ ಎಂಬ ಬಿರುದಿಗೆ ಬೆಲೆಯಿಲ್ಲ ಎಂಬುದನ್ನೂ ಇದೇ ಚರಿತ್ರೆ ತೋರಿಸಿದೆ. ಜವಾಬ್ದಾರಿ ಸರ್ಕಾರದ ಬೇಡಿಕೆ ಬಲಗೊಳ್ಳುತ್ತಿದ್ದ 1938ರ ಏಪ್ರಿಲ್‌ನಲ್ಲಿ, ಗೌರಿಬಿದನೂರು ಸಮೀಪದ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಇದೇ ‘ರಾಮರಾಜ್ಯ’ದ ಪ್ರಜೆಗಳು. ಆರು ವರ್ಷಗಳ ಬಳಿಕ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಕುವೆಂಪು ಶಂಬೂಕನ ಕಥೆಯನ್ನು ಬೇರೊಂದು ಬಗೆಯಲ್ಲಿ ಕಾಣಿಸುವ ‘ಶೂದ್ರ ತಪಸ್ವಿ’ ನಾಟಕವನ್ನು ಪ್ರಕಟಿಸಿದರು. ರಾಮರಾಜ್ಯ ಯಾರಿಗೆ ರಾಮರಾಜ್ಯವಾಗಿತ್ತು ಎಂಬ ಪ್ರಶ್ನೆಯಿಂದ ಯಾವ ಆದರ್ಶವೂ ತಪ್ಪಿಸಿಕೊಳ್ಳಲಾಗದು.

ಇಂದಿನ ಮೈಸೂರಿಗೂ ಈ ಪ್ರಶ್ನೆ ಅನ್ವಯಿಸುತ್ತದೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ನಗರಕ್ಕೆ ದೇಶದಲ್ಲೇ ಮೊದಲ ಸ್ಥಾನ ದೊರೆತಾಗ ನಾವೆಲ್ಲ ಸಂಭ್ರಮಿಸಿದೆವು. 2022ರ ಜುಲೈನಲ್ಲಿ ರಾಜ್ಯದಾದ್ಯಂತ ಪೌರಕಾರ್ಮಿಕರು ಸೇವೆ ಕಾಯಂಗೊಳಿಸುವಂತೆ ಕೋರಿ ಕೆಲಸ ನಿಲ್ಲಿಸಿದಾಗ, ಸ್ವಚ್ಛ ನಗರಗಳ ಹೊಳಪು ಯಾರ ಬೆವರಿನದು, ಅವರಿಗೆ ಸಲ್ಲಬೇಕಾದದ್ದು ಸಂದಿದೆಯೇ ಎಂದು ನಾಗರಿಕರು ಯೋಚಿಸಬೇಕಾಯಿತು. 2023ರ ನವೆಂಬರ್‌ನಲ್ಲಿ ಮಹಾನಗರ ಪಾಲಿಕೆಯ ಸದಸ್ಯರ ಅವಧಿ ಮುಗಿಯಿತು. ಸಕಾಲಕ್ಕೆ ಚುನಾವಣೆ ನಡೆಯದೆ ಆಡಳಿತ ಅಧಿಕಾರಿಗಳ ಕೈಸೇರಿತು. 1881ರಷ್ಟು ಹಿಂದೆಯೇ ಪ್ರಜೆಗಳ ಅಹವಾಲು ಕೇಳಲು ಸಭೆ ಸೇರಿಸಿದ ಊರಿನಲ್ಲಿ ಇದು ದೊಡ್ಡ ಸುದ್ದಿಯಾಗಲಿಲ್ಲ ಎಂಬುದೇ ವಿಷಾದದ ಸಂಗತಿ. ಕಸ ಎತ್ತದಿದ್ದರೆ ಸಿಡಿಮಿಡಿಗೊಳ್ಳುವ ನಾವು, ವಾರ್ಡಿನ ಪ್ರತಿನಿಧಿಯೇ ಇಲ್ಲದ್ದನ್ನು ಸಹಜವೆಂಬಂತೆ ಸ್ವೀಕರಿಸಿದೆವು.

ಪರಿಪೂರ್ಣ ಸಮಾಜ ಹಿಂದೆಂದೂ ಇರಲಿಲ್ಲ, ಮುಂದೆಯೂ ಇರಲಾರದು. ಇದರಿಂದ ಹತಾಶರಾಗಬೇಕಿಲ್ಲ. ತನ್ನ ಕೊರತೆಯನ್ನು ಕೇಳಿಸಿಕೊಂಡು, ಕಾಲಕಾಲಕ್ಕೆ ತಿದ್ದಿಕೊಂಡದ್ದೇ ಹಳೆಯ ಮೈಸೂರಿನ ನಿಜವಾದ ಸಾಧನೆ. ಆ ಪರಂಪರೆಗೆ ವಾರಸುದಾರರೆಂದು ಹೇಳಿಕೊಳ್ಳುವವರು ಸಕಾಲಕ್ಕೆ ಚುನಾವಣೆ ನಡೆಯಬೇಕೆಂದು ಒತ್ತಾಯಿಸುವುದರಿಂದಲೇ ಕೆಲಸ ಆರಂಭಿಸಬಹುದು.