ಸ್ಕ್ರ್ಯಾಚ್ ಬೆಕ್ಕಿನ ಮೂರು ಮನೆ

ಮರಿ ಹಾಕಿದ ಬೆಕ್ಕು ಏಳು ಮನೆ ತಿರುಗುತ್ತದೆ ಎನ್ನುತ್ತಾರೆ. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ‘ಸ್ಕ್ರ್ಯಾಚ್’ನ ಕಿತ್ತಳೆ ಬಣ್ಣದ ಬೆಕ್ಕು ಈವರೆಗೆ ಕಂಡದ್ದು ಮೂರೇ ಮನೆ. ಆದರೆ ಪ್ರತಿ ಸಲವೂ ತಳಪಾಯದಿಂದಲೇ ಕಟ್ಟಬೇಕಾಯಿತು.

ಇದರ ಬೇರು 1967ರಲ್ಲಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸೀಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು ಮಕ್ಕಳಿಗೆಂದೇ ‘ಲೋಗೊ’ ಭಾಷೆ ರೂಪಿಸಿದರು. ಇಷ್ಟು ಮುಂದೆ ಹೋಗು, ಇಷ್ಟು ತಿರುಗು ಎಂದು ಆಮೆಗೆ ಹೇಳಿ ಚಿತ್ರ ಬರೆಸುವ ಆಟ ಮುಂದೆ ಅದಕ್ಕೆ ಹೆಸರು ತಂದಿತು. ತೊಡಕು ಟೈಪಿಂಗ್‌ನದು, ಒಂದಕ್ಷರ ತಪ್ಪಿದರೂ ಆಮೆ ಕದಲದು.

ಪ್ಯಾಪರ್ಟ್ ಪ್ರಭಾವದಲ್ಲಿ ಬೆಳೆದ ಮಿಚೆಲ್ ರೆಸ್ನಿಕ್ ಅವರ ತಂಡ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಈ ಟೈಪಿಂಗ್ ಕಾಟವನ್ನೇ ತೆಗೆದುಹಾಕಿತು. ಬಣ್ಣದ ಬ್ಲಾಕ್‌ಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಅದೇ ಪ್ರೋಗ್ರಾಂ. ಹೊಂದದ ಬ್ಲಾಕ್‌ಗಳು ಕೂಡುವುದೇ ಇಲ್ಲ. 2007ರಲ್ಲಿ ಎಲ್ಲರ ಕೈಗೂ ಬಂದ ಸ್ಕ್ರ್ಯಾಚ್‌ಗೆ ಹಲವು ಬಗೆಯ ಕಂಪ್ಯೂಟರ್‌ಗಳಲ್ಲಿ ಓಡುವ ‘ಸ್ಕ್ವೀಕ್’ ಎಂಬ ತಂತ್ರಾಂಶ ಆಧಾರವಾಗಿತ್ತು. ಹಾಗಾಗಿ ವಿಂಡೋಸ್, ಮ್ಯಾಕ್ ಎಂಬ ಭೇದ ಹೆಚ್ಚು ಕಾಡಲಿಲ್ಲ. ಕಾಡಿದ್ದು ಬ್ರೌಸರ್. ಮಗು ಮಾಡಿದ ಆಟವನ್ನು ವೆಬ್‌ನಲ್ಲಿ ತೋರಿಸಲು ಜಾವಾದಲ್ಲಿ ಇನ್ನೊಂದು ಪ್ಲೇಯರ್ ಬರೆಯಬೇಕಾಯಿತು. ಆಟ ಒಂದೇ, ಅದನ್ನು ಓಡಿಸುವ ಯಂತ್ರ ಎರಡು!

2013ರಲ್ಲಿ ತಂಡ ಅಡೋಬಿ ಕಂಪನಿಯ ‘ಫ್ಲ್ಯಾಶ್’ ತಂತ್ರಾಂಶಕ್ಕೆ ಬಂತು. ಈಗ ಆಟ ಕಟ್ಟುವುದೂ ಆಡುವುದೂ ಬ್ರೌಸರ್‌ನಲ್ಲೇ. ಆದರೆ ಐಪ್ಯಾಡ್‌ನಲ್ಲಿ ಫ್ಲ್ಯಾಶ್‌ಗೆ ಏಕೆ ಜಾಗವಿಲ್ಲ ಎಂದು ಆ್ಯಪಲ್‌ನ ಸ್ಟೀವ್ ಜಾಬ್ಸ್ 2010ರಲ್ಲೇ ಬಹಿರಂಗ ಪತ್ರ ಬರೆದಾಗಿತ್ತು. ಹೀಗಿದ್ದೂ ಫ್ಲ್ಯಾಶ್ ಆರಿಸಿಕೊಂಡದ್ದನ್ನು ದಡ್ಡತನ ಎನ್ನಲಾಗದು. ಆಗಿನ ಡೆಸ್ಕ್‌ಟಾಪ್ ಬ್ರೌಸರ್‌ಗಳಲ್ಲಿ ಅದು ಹೆಚ್ಚುಕಡಿಮೆ ಎಲ್ಲೆಡೆ ಇತ್ತು. ಐದರಿಂದ ಏಳು ವರ್ಷದ ಪುಟಾಣಿಗಳಿಗಾಗಿ 2014ರಲ್ಲಿ ಐಪ್ಯಾಡ್‌ಗೆ ಬಂದ ‘ಸ್ಕ್ರ್ಯಾಚ್ ಜೂನಿಯರ್’ ಬೇರೆಯೇ ಆ್ಯಪ್, ಈ ಮೂರು ಮನೆಗಳ ಲೆಕ್ಕಕ್ಕೆ ಸೇರದು. ಅದರ ಬ್ಲಾಕ್‌ಗಳಲ್ಲಿ ಪದಗಳ ಬದಲು ಚಿತ್ರ. ಓದಲು ಬಾರದ ಮಗುವಿಗೂ ದಕ್ಕುತ್ತದೆ.

2020ರ ಕೊನೆಗೆ ಫ್ಲ್ಯಾಶ್ ನಿಲ್ಲಿಸುವುದಾಗಿ ಅಡೋಬಿ 2017ರಲ್ಲಿ ಸಾರಿತು. ಅಷ್ಟರಲ್ಲಿ ಎಂಐಟಿ ತಂಡ ಗೂಗಲ್ ಜೊತೆ ಸೇರಿ, ಅದರ ‘ಬ್ಲಾಕ್ಲಿ’ ಎಂಬ ಬ್ಲಾಕ್ ಜೋಡಿಸುವ ತಂತ್ರಾಂಶವನ್ನು ಬಳಸಿ, ಜಾವಾಸ್ಕ್ರಿಪ್ಟ್‌ನಲ್ಲಿ ಮರುನಿರ್ಮಾಣ ಶುರುಮಾಡಿತ್ತು. ಹೊಸ ಬ್ಲಾಕ್ ಬರೆಯುವುದಕ್ಕಿಂತ, ಮಕ್ಕಳು ಅದಾಗಲೇ ಮಾಡಿಟ್ಟಿದ್ದ ಕೋಟಿಗಟ್ಟಲೆ ಪ್ರಾಜೆಕ್ಟ್‌ಗಳು ಕೆಡದಂತೆ ನೋಡಿಕೊಳ್ಳುವುದೇ ದೊಡ್ಡ ಹೊಣೆ. 2019ರ ಜನವರಿ 2ರಂದು ಸ್ಕ್ರ್ಯಾಚ್ 3.0 ಬಿಡುಗಡೆಯಾಯಿತು. ಅದು ಟ್ಯಾಬ್ಲೆಟ್‌ನಲ್ಲೂ ಓಡುತ್ತದೆ. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಕೈ ಮಾತ್ರ ಬಿಟ್ಟಿತು.

ಮನೆಯಲ್ಲಿ ಮಕ್ಕಳಿದ್ದರೆ ಒಮ್ಮೆ ತೆರೆದುಕೊಡಿ. ಖಾತೆ ಬೇಕಿಲ್ಲ, ಕಾಸೂ ಬೇಕಿಲ್ಲ. ಇಂಟರ್ನೆಟ್ ಸರಿಯಾಗಿ ಸಿಗದ ಊರಿನಲ್ಲಿದ್ದರೆ, ಒಮ್ಮೆ ಇಳಿಸಿಕೊಂಡು ಆಫ್‌ಲೈನ್‌ನಲ್ಲಿ ಬಳಸುವ ಆವೃತ್ತಿಯೂ ಇದೆ.